ಬಾಳೆಲೆ ಹೊತ್ತು ಬೆಳ್ಳಂದೂರಿಗೆ

ತಂಗಿ ಮಗಳಿಗೆ ಕಿವಿ ಚುಚ್ಚಿಸುವ ಶಾಸ್ತ್ರ. ಸೋದರಮಾವನ ತೊಡೆ ಮೇಲೆ ಕೂರಿಸಿಯೇ ಚುಚ್ಚಬೇಕು, ಅಂದರೆ ನಾನಿಲ್ಲದೆ ಆಗದ ಕೆಲಸ. ಅವತ್ತು ಬುಧವಾರ. ಹನ್ನೆರಡಕ್ಕೆ ರಾಹುಕಾಲ, ಅಷ್ಟರೊಳಗೆ ಮುಗಿಯಬೇಕು. ಬೆಂಗಳೂರಿನ ಬನಶಂಕರಿಯಿಂದ ಬೆಳ್ಳಂದೂರು 15 ಕಿಲೋಮೀಟರ್ ಆಸುಪಾಸು. ಎಂಟೂವರೆಗೆ ಹೊರಟರೆ ಸಾಕು ಅಂದೆ. ಏಳಕ್ಕೇ ಬಿಡೋಣ ಅಂದಳು ಹೆಂಡತಿ. ಎಂಟೂವರೆಗೆ ಹೊರಟೆವು. ಕಾರು ಓಡಿಸುವವಳು ಅವಳು. ನನ್ನ ಜವಾಬ್ದಾರಿ ಎರಡೇ: ಜೇಬಿನಲ್ಲಿ ಮಗುವಿನ ಓಲೆ, ಹಿಂದಿನ ಸೀಟಿನಲ್ಲಿ ಅರವತ್ತು ಬಾಳೆಲೆ.

ರಾಗಿಗುಡ್ಡದ ಹತ್ತಿರ ಡಬಲ್ ಡೆಕ್ಕರ್ ಮೇಲ್ಸೇತುವೆ ಹತ್ತಿದಾಗ ಗೆದ್ದಷ್ಟು ಖುಷಿ. 2024ರಲ್ಲಿ ಸಂಚಾರಕ್ಕೆ ಬಿಟ್ಟದ್ದು, ಮೂರು ಕಿಲೋಮೀಟರಿಗೂ ತುಸು ಹೆಚ್ಚು ಉದ್ದ. ಕೆಳಗೆ ಹಳೇ ರಸ್ತೆ, ತಲೆ ಮೇಲೆ ಮೆಟ್ರೊ, ನಡುವೆ ನಾವು. ಬಿಟಿಎಂ ಸಿಗ್ನಲ್ಲು ಕಾಲಡಿಯಲ್ಲೇ ಕಳೆದುಹೋಯಿತು. "ನೋಡಿದ್ಯಾ?" ಅಂದೆ. ಅವಳು ಮಾತಾಡಲಿಲ್ಲ. ಸಿಲ್ಕ್ ಬೋರ್ಡ್ ದಾಟಿ ಎಚ್‌ಎಸ್‌ಆರ್ ಬಡಾವಣೆ ಕಡೆ ಇಳಿದೆವು, ನಿಂತೆವು. ಮೇಲೆ ಉಳಿಸಿದ್ದನ್ನೆಲ್ಲ ಕೆಳಗೆ ಬಡ್ಡಿ ಸಮೇತ ಕಟ್ಟಬೇಕಾಯಿತು.

ಈ ಹೊರ ವರ್ತುಲ ರಸ್ತೆ ಮಾಡಿದ್ದೇ ಲಾರಿಗಳು ಊರೊಳಗೆ ನುಗ್ಗದೆ ಹೊರಗಿನಿಂದಲೇ ಹೋಗಲಿ ಅಂತ. ಆಮೇಲೆ ಎರಡೂ ಬದಿಗೆ ಟೆಕ್ ಪಾರ್ಕುಗಳು ಬಂದು ಕೂತವು, ಊರೇ ಹೊರಗೆ ಬಂತು. ಎಚ್‌ಎಸ್‌ಆರ್‌ನಲ್ಲಿ ಸೈಟು ಸಿಗುವ ಹಾಗಿದ್ದ ಕಾಲದಲ್ಲಿ ನಮ್ಮಪ್ಪ "ಆ ಕಾಡಿಗೆ ಯಾರೋ ಹೋಗ್ತಾರೆ" ಅಂತ ಬಿಟ್ಟುಬಿಟ್ಟಿದ್ದರು. ಎಲ್ಲರೂ ಹೋದರಪ್ಪಾ. 2011ರ ಜನಗಣತಿಯಲ್ಲಿ ನಗರದ ಜನ ಸುಮಾರು 84 ಲಕ್ಷ. ಈಗ ಇಲ್ಲಿ ನೋಂದಣಿಯಾದ ವಾಹನಗಳೇ 1 ಕೋಟಿ ದಾಟಿವೆ. ಅಷ್ಟೂ ಅವತ್ತು ಅಗರದ ಹತ್ತಿರವೇ ಇದ್ದ ಹಾಗಿತ್ತು. ಇದ್ದ ರಸ್ತೆಯಲ್ಲೂ ಮೆಟ್ರೊ ಕಂಬದ ಕೆಲಸಕ್ಕೆಂದು ಒಂದಷ್ಟು ಬ್ಯಾರಿಕೇಡಿನ ಪಾಲು.

ಹತ್ತೂ ಕಾಲಿಗೆ ತಂಗಿ ಫೋನು. "ಎಲ್ಲಿದೀಯಣ್ಣ?"

"ಬಂದೆ ಬಂದೆ."

ವ್ಯಾಕರಣದ ಪ್ರಕಾರ ಅದು ಭೂತಕಾಲ. ಬೆಂಗಳೂರಲ್ಲಿ ಅದರ ಅರ್ಥ, ಇನ್ನೂ ನಾಲ್ಕು ಕಿಲೋಮೀಟರ್ ಇದೆ.

ಹಿಂದಿನ ಸೀಟಿಗೆ ಬಿಸಿಲು ಬಿತ್ತು. ಕಟ್ಟಿನ ಮೇಲಿನ ಎಲೆ ಅಂಚಿನಿಂದ ಸುರುಳಿ ಸುತ್ತತೊಡಗಿತು. ಕುಡಿಯುವ ನೀರನ್ನೇ ಅದಕ್ಕೆ ಚಿಮುಕಿಸಿದೆ. ಪಕ್ಕದ ಆಟೋದವರು ಅದನ್ನೇ ನೋಡುತ್ತಿದ್ದವರು, "ಊಟ ಎಲ್ಲಿ ಸಾರ್? ಇಲ್ಲೇ ಹಾಕ್ಬಿಡಿ, ಪಂಕ್ತಿ ರೆಡಿ ಇದೆ" ಅಂದರು. ಅವರು ಇಂಜಿನ್ ಆಫ್ ಮಾಡಿ ಆಗಲೇ ಬಹಳ ಹೊತ್ತಾಗಿತ್ತು.

ಇಬ್ಬಲೂರು ಬರುವಷ್ಟರಲ್ಲಿ ಹತ್ತೂ ಮುಕ್ಕಾಲು ದಾಟಿತ್ತು. ಸರ್ಜಾಪುರ ರಸ್ತೆಯವರೂ ಅಲ್ಲೇ ಬಂದು ಸೇರಿಕೊಳ್ಳುತ್ತಾರೆ. ಹೆಂಡತಿ ಸ್ಟೀರಿಂಗ್ ಮೇಲಿಂದ ಕೈ ತೆಗೆದಳು. "ಇಳಿದು ನಡೀರಿ. ಅತ್ತೆ ಇಲ್ದೆ ಶಾಸ್ತ್ರ ಆಗುತ್ತೆ, ಸೋದರಮಾವ ಇಲ್ದೆ ಆಗಲ್ಲ."

ರೇಷ್ಮೆ ಪಂಚೆ ಮೇಲೆತ್ತಿ ಕಟ್ಟಿದೆ, ಎಲೆ ಕಟ್ಟು ಹೆಗಲಿಗೇರಿಸಿದೆ. ಫುಟ್‌ಪಾತ್ ಇತ್ತು, ಸುಳ್ಳು ಹೇಳಬಾರದು. ಅದರ ಮೇಲೆ ಬೈಕುಗಳು ಬರುತ್ತಿದ್ದವು. ಬೆನ್ನಿಗೆ ಊಟದ ಚೀಲ ಕಟ್ಟಿಕೊಂಡ ಹುಡುಗನೊಬ್ಬ ಹಿಂದಿನಿಂದ ಹಾರ್ನ್ ಮಾಡಿದ. ಮರದ ಬುಡಕ್ಕೆ ಸರಿದು ಜಾಗ ಬಿಟ್ಟೆ. "ಸಾರಿ ಅಂಕಲ್" ಅನ್ನುತ್ತಲೇ ಹೋದ. ಸಿಟ್ಟು ಬರಲಿಲ್ಲ. ಅವನಿಗೂ ನನ್ನ ಹಾಗೇ ಗಡುವು. ಆದರೂ ಫುಟ್‌ಪಾತಿನಲ್ಲಿ ನಡೆಯುವವನು ಬೈಕಿಗೆ ದಾರಿ ಬಿಡುವುದು ಯಾವ ನ್ಯಾಯವೋ! ಬಲಕ್ಕೆ ಲಕ್ಷಾಂತರ ರೂಪಾಯಿಯ ಕಾರುಗಳು ಸಾಲಾಗಿ ನಿಂತಿದ್ದವು. ಬೆವರಿಳಿಸಿಕೊಂಡು ಎಲೆ ಹೊತ್ತವನು ಅವನ್ನೆಲ್ಲ ಒಂದೊಂದಾಗಿ ಹಿಂದೆ ಹಾಕಿದೆ. ಒಳಗೊಳಗೇ ಸ್ವಲ್ಪ ಜಂಬವೂ ಬಂತು.

ಹನ್ನೊಂದೂ ಕಾಲಿಗೆ ತಲುಪಿದೆ. ಮಗು ಹೊಸ ಲಂಗದಲ್ಲೇ ನಿದ್ದೆ ಹೋಗಿತ್ತು. ತಂಗಿ ಬೈಯಲಿಲ್ಲ, ನೀರು ಕೊಟ್ಟಳು. "ಕಿವಿ ಚುಚ್ಚೋ ಆಚಾರ್ರೇ ಬಂದಿಲ್ಲ ಕಣಣ್ಣ. ಕೆ.ಆರ್. ಪುರದಿಂದ ಬರ್ತಿದಾರೆ, ಮಾರತಹಳ್ಳಿಯಲ್ಲಿ ಸಿಕ್ಕಿಹಾಕ್ಕೊಂಡಿದಾರಂತೆ. ಫೋನ್ ಮಾಡಿದ್ರೆ ಬಂದೆ ಬಂದೆ ಅಂತಾರೆ."

ಅವರು ಬಂದಾಗ ಹನ್ನೊಂದೂ ನಲವತ್ತು. ಹೆಲ್ಮೆಟ್ ಕೂಡ ಪೂರ್ತಿ ತೆಗೆಯದೆ ಚಿನ್ನದ ತಂತಿ ಹೊರಗೆ ತೆಗೆದರು. ಎರಡು ಕಿರುಚಾಟ, ಒಂದು ಚೂರು ಬೆಲ್ಲ, ಮುಗಿಯಿತು. ಗಡಿಯಾರದಲ್ಲಿ ರಾಹುಕಾಲಕ್ಕೆ ಇನ್ನೂ ಆರು ನಿಮಿಷ ಇತ್ತು.

ಊಟಕ್ಕೆ ಎಲೆ ಹಾಕುವಾಗ ಹೆಂಡತಿಗೆ ಫೋನ್ ಮಾಡಿದೆ. "ಬಂದೆ ಬಂದೆ" ಅಂದಳು. ಮೊದಲ ಪಂಕ್ತಿ ಎದ್ದಿತು. ಎರಡನೇ ಪಂಕ್ತಿಯ ಕೊನೆಗೆ, ಬಾಡದ ಎಲೆಯೊಂದನ್ನು ಆರಿಸಿ ಅವಳಿಗೆ ಹಾಕಿಸಿಟ್ಟೆ.