ಹೊಸ ಪ್ರೊಸೆಸರ್ ಕೈಗೆ ಬಂದ ದಿನದ ಆತಂಕ

ಹೊಸ ಪ್ರೊಸೆಸರಿನ ಡಬ್ಬಿ ಬಿಚ್ಚಿದ ಕೂಡಲೇ ಶುರುವಾಗುವ ಆತಂಕ ಎಲ್ಲರದ್ದೂ ಹೆಚ್ಚುಕಡಿಮೆ ಒಂದೇ. ಬರಿಗೈಯಲ್ಲಿ ಮುಟ್ಟಿಬಿಟ್ಟೆನಲ್ಲ, ಸುಟ್ಟುಹೋಯಿತೇ? ಕಂಬಳಿಯ ಮೇಲೆ ಇಟ್ಟಿದ್ದೆ, ಸ್ಟ್ಯಾಟಿಕ್ (ಉಜ್ಜಾಟದಿಂದ ಸೇರಿಕೊಳ್ಳುವ ಸ್ಥಿರವಿದ್ಯುತ್) ಹೊಡೆದಿರಬಹುದೇ? ಹಿಂಬದಿಯ ಚಿನ್ನದ ಚುಕ್ಕೆಗಳಿಗೆ ಬೆರಳು ತಾಗಿತು, ಈಗೇನು ಮಾಡುವುದು? ಅದು ಇನ್ನೂ ಮದರ್‌ಬೋರ್ಡಿನಲ್ಲಿ ಕೂತಿಲ್ಲವಾದ್ದರಿಂದ ಪರೀಕ್ಷಿಸಿ ನೋಡುವ ದಾರಿಯೂ ಇಲ್ಲ. ಕಾಯುವ ಹೊತ್ತಿನಲ್ಲಿ ಅನುಮಾನ ಬೆಳೆಯುತ್ತಲೇ ಹೋಗುತ್ತದೆ. ಬಿಡಿಭಾಗಗಳು ಹಾಳಾಗುವುದು ನಿಜ. ಆದರೆ ಜನ ಹೆದರುವ ಜಾಗ ಒಂದು, ಹಾಳಾಗುವ ಜಾಗ ಇನ್ನೊಂದು.

ಮೊದಲು ಸ್ಟ್ಯಾಟಿಕ್ ವಿಷಯ. ಒಣಹವೆಯಲ್ಲಿ ನೈಲಾನ್ ಅಥವಾ ಉಣ್ಣೆಯ ಹಾಸಿನ ಮೇಲೆ ನಡೆದಾಡಿದರೆ ಮೈಯಲ್ಲಿ ಸಾವಿರಾರು ವೋಲ್ಟ್ ಸೇರಿಕೊಳ್ಳುತ್ತದೆ. ಬಾಗಿಲ ಹಿಡಿ ಮುಟ್ಟಿದಾಗ ಚುರ್ ಎಂದು ನಮ್ಮ ಅರಿವಿಗೆ ಬರಬೇಕಾದರೆ ಅದು ಸುಮಾರು 3,000 ವೋಲ್ಟ್ ಇರಬೇಕು. ಚಿಪ್ ತಯಾರಕರು ಮನುಷ್ಯನ ಮೈಯನ್ನು 100 ಪಿಕೊಫ್ಯಾರಡ್ ಕೆಪಾಸಿಟರ್ (ಚಾರ್ಜ್ ಹಿಡಿದಿಡುವ ಭಾಗ) ಮತ್ತು 1,500 ಓಮ್ ರೆಸಿಸ್ಟರ್ (ಕರೆಂಟಿನ ಹರಿವಿಗೆ ತಡೆಯೊಡ್ಡುವ ಭಾಗ) ಎಂದು ಲೆಕ್ಕ ಹಿಡಿದು ಪರೀಕ್ಷೆ ಮಾಡುತ್ತಾರೆ. 1,000ದಿಂದ 2,000 ವೋಲ್ಟ್ ತಡೆದುಕೊಳ್ಳುವಂತೆ ಮಾಡಿದ ಚಿಪ್‌ಗಳೇ ಹೆಚ್ಚು. ಹಾಗಾಗಿ ನಮಗೆ ಗೊತ್ತೇ ಆಗದ ಕಿಡಿಯೂ ಹಾನಿ ಮಾಡಬಲ್ಲದು ಎಂಬ ಎಚ್ಚರಿಕೆ ಸುಳ್ಳಲ್ಲ. ಆದರೆ ಆ ಕಿಡಿ ಸಂಪರ್ಕದ ಬಿಂದುವಿಗೇ ಹಾರಬೇಕು. ಅಂಚು ಹಿಡಿದು ಎತ್ತಿದ ಪ್ರೊಸೆಸರಿಗೆ, ಲೋಹದ ಪಟ್ಟಿ ಹಿಡಿದು ತೆಗೆದ ಗ್ರಾಫಿಕ್ಸ್ ಕಾರ್ಡಿಗೆ ಆ ಅಪಾಯ ತೀರ ಕಡಿಮೆ. ಬೋರ್ಡಿಗೆ ಬೆಸುಗೆಯಾಗಿ ಕೂತ ಚಿಪ್ಪು ಬಿಡಿ ಚಿಪ್ಪಿಗಿಂತ ಸಾಮಾನ್ಯವಾಗಿ ಗಟ್ಟಿ.

ಇದಕ್ಕೆ ಪರಿಹಾರವೂ ಸುಲಭ. ಎಸ್‌ಎಂಪಿಎಸ್ ಅನ್ನು (ಎಲ್ಲ ಭಾಗಗಳಿಗೂ ಕರೆಂಟ್ ಒದಗಿಸುವ ಡಬ್ಬಿ) ಕ್ಯಾಬಿನೆಟ್ಟಿಗೆ ಕೂರಿಸಿ, ಬಣ್ಣ ಬಳಿಯದ ಲೋಹದ ಜಾಗವನ್ನು ಮುಟ್ಟಿ, ಆಮೇಲೆ ಹೊಸ ಭಾಗದ ಚೀಲ ಬಿಚ್ಚಬೇಕು. ಬಣ್ಣದ ಮೇಲೆ ಕೈಯಿಟ್ಟರೆ ಉಪಯೋಗವಿಲ್ಲ. ಎದ್ದು ಓಡಾಡಿ ಬಂದಾಗಲೆಲ್ಲ ಮತ್ತೆ ಮುಟ್ಟಬೇಕು. ಕೈಯನ್ನು ತಂತಿಯ ಮೂಲಕ ಕ್ಯಾಬಿನೆಟ್ಟಿಗೆ ಜೋಡಿಸುವ ಮಣಿಕಟ್ಟಿನ ಪಟ್ಟಿ ಇದ್ದರೆ ಇನ್ನೂ ಒಳ್ಳೆಯದು. ಹಾಕಿಕೊಂಡವರಿಗೆ ಶಾಕ್ ಹೊಡೆಯದಿರಲೆಂದು ಅದರಲ್ಲಿ 1 ಮೆಗಾಓಮ್ ರೆಸಿಸ್ಟರ್ ಇರುತ್ತದೆ. ಕೈ, ಕ್ಯಾಬಿನೆಟ್, ಹೊಸ ಭಾಗ ಈ ಮೂರೂ ಒಂದೇ ವೋಲ್ಟೇಜಿನಲ್ಲಿದ್ದರೆ ಕಿಡಿ ಹಾರಲು ಕಾರಣವೇ ಉಳಿಯುವುದಿಲ್ಲ. ಬೂದುಬೆಳ್ಳಿ ಬಣ್ಣದ ಚೀಲದಲ್ಲಿ ಲೋಹದ ಪದರ ಇರುತ್ತದೆ, ಅದು ಹೊರಗಿನ ಕಿಡಿಯನ್ನು ತಡೆಯುತ್ತದೆ. ಗುಲಾಬಿ ಚೀಲ ತಾನು ಸ್ಟ್ಯಾಟಿಕ್ ಹುಟ್ಟಿಸುವುದಿಲ್ಲ ಅಷ್ಟೆ, ಹೊರಗಿನದನ್ನು ತಡೆಯಲಾರದು. ಮದರ್‌ಬೋರ್ಡನ್ನು ಚೀಲದ ಮೇಲಿಟ್ಟು ಕರೆಂಟ್ ಕೊಡುವ ಅಭ್ಯಾಸ ಬೇಡ, ಅದು ಬಂದ ರಟ್ಟಿನ ಡಬ್ಬಿಯ ಮೇಲಿಟ್ಟರೆ ಸಾಕು. ಪಾರ್ಸೆಲ್ ಮುಟ್ಟಿದರೆ ತಣ್ಣಗಿದ್ದರೆ ಚೀಲ ಬಿಚ್ಚದೆ ಕೆಲವು ಗಂಟೆ ಕೋಣೆಯಲ್ಲೇ ಬಿಡಿ. ಇಲ್ಲವಾದರೆ ಬೋರ್ಡಿನ ಮೇಲೆ ತೇವ ಕಟ್ಟುತ್ತದೆ.

ನಿಜವಾಗಿ ಉಸಿರು ಬಿಗಿಹಿಡಿಯಬೇಕಾದದ್ದು ಮದರ್‌ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಸಾಕೆಟ್ಟಿನ ಮುಂದೆ. ಇಂಟೆಲ್‌ನ ಎಲ್‌ಜಿಎ 1700 ಸಾಕೆಟ್ಟಿನಲ್ಲಿ 1,700, ಎಎಂಡಿಯ ಎಎಂ5ರಲ್ಲಿ 1,718 ಸಂಪರ್ಕಗಳಿವೆ, ಒಂದೊಂದೂ ಕೂದಲೆಳೆಯಂಥ ಸ್ಪ್ರಿಂಗ್. ಹೀಗೆ ಪಿನ್‌ಗಳು ಸಾಕೆಟ್ಟಿನಲ್ಲೇ ಇರುವ ಬಗೆಯನ್ನು ಎಲ್‌ಜಿಎ ಎನ್ನುತ್ತಾರೆ. ಪ್ರೊಸೆಸರನ್ನು ಓರೆಯಾಗಿ ಇಳಿಸಿದರೆ, ಅಂಗಿಯ ತೋಳಿನ ನೂಲು ಸಿಕ್ಕಿಕೊಂಡರೆ, ಒಂದು ಸ್ಕ್ರೂ ಜಾರಿ ಬಿದ್ದರೆ ಪಿನ್ ಬಾಗುತ್ತದೆ. ಎಎಂಡಿಯ ಹಿಂದಿನ ಎಎಂ4ರಲ್ಲಿ ಲೆಕ್ಕ ತಿರುವುಮುರುವು: ಪಿನ್‌ಗಳು ಪ್ರೊಸೆಸರಿನ ಹೊಟ್ಟೆಯಲ್ಲಿರುತ್ತವೆ, ಮೇಜಿನ ಮೇಲೆ ಕುಕ್ಕಿದರೆ ಸಾಲೇ ಬಾಗುತ್ತದೆ. ಮೂಲೆಯ ಚಿಕ್ಕ ತ್ರಿಕೋನ, ಅಂಚಿನ ಕಚ್ಚುಗಳು ಹೊಂದುವಂತೆ ನೋಡಿಕೊಂಡು ನೇರವಾಗಿ ಇಳಿಸಿ ಬೆರಳು ಬಿಟ್ಟುಬಿಡಬೇಕು. ಒತ್ತಬಾರದು, ಜರುಗಿಸಬಾರದು. ಆಮೇಲೆ ಲೀವರ್ ಎಳೆಯುವಾಗ ಎಲ್‌ಜಿಎಯಲ್ಲಿ ಸಾಕಷ್ಟು ಬಲ ಬೇಕಾಗುತ್ತದೆ, ಕರಕರ ಸದ್ದೂ ಬರುತ್ತದೆ. ಮುರಿದೇಹೋಯಿತು ಎಂದು ಹೆದರಿ ಅರ್ಧಕ್ಕೆ ಬಿಡುವವರು ಬಹಳ. ಪ್ರೊಸೆಸರ್ ಸರಿಯಾಗಿ ಕೂತಿದ್ದರೆ ಅದು ಸ್ಪ್ರಿಂಗುಗಳು ಒತ್ತಿಕೊಳ್ಳುವ ಸದ್ದು. ಸಾಕೆಟ್ಟಿನ ಪ್ಲಾಸ್ಟಿಕ್ ಮುಚ್ಚಳವನ್ನು ಮೊದಲೇ ಕಿತ್ತು ತೆಗೆಯುವುದೂ ಬೇಡ. ಲೀವರ್ ಕೂರುವಾಗ ಅದು ತಾನೇ ಎದ್ದು ಬರುತ್ತದೆ. ಅದನ್ನು ಎತ್ತಿಡಿ, ವಾರಂಟಿಗೆ ಬೋರ್ಡ್ ಕಳಿಸುವಾಗ ಸಾಕೆಟ್ ಮುಚ್ಚಲು ಬೇಕಾಗುತ್ತದೆ.

ಪ್ರೊಸೆಸರ್ ಇಳಿಸುವ ಮುಂಚೆಯೇ ಸಾಕೆಟ್ಟನ್ನು ಓರೆಬೆಳಕಿನಲ್ಲಿ ನೋಡಿ ಫೋಟೊ ತೆಗೆದಿಡುವುದು ನನ್ನ ದೃಷ್ಟಿಯಲ್ಲಿ ಇಡೀ ಕೆಲಸದ ಅತ್ಯಂತ ಉಪಯುಕ್ತ ಎರಡು ನಿಮಿಷ. ಸಾಲುಗಳು ಒಂದೇ ಸಮನೆ ಹೊಳೆಯಬೇಕು; ನಡುವೆ ಒಂದು ಬೇರೆ ದಿಕ್ಕಿಗೆ ಹೊಳೆದರೆ ಅದು ಬಾಗಿದೆ. ಬಾಗಿದ್ದು ಬೋರ್ಡ್ ಬಂದಾಗಲೇ ಎಂದಾದರೆ ಸರಿಮಾಡಲು ಹೋಗದೆ ವಾಪಸು ಕೊಡಿ. ಎಎಂ4 ಪಿನ್ನನ್ನು ಒಳಗಿನ ಕಡ್ಡಿ ತೆಗೆದ ಮೆಕ್ಯಾನಿಕಲ್ ಪೆನ್ಸಿಲಿನ ತುದಿಯೊಳಗೆ ತೂರಿಸಿ ಮೆಲ್ಲಗೆ ನೆಟ್ಟಗೆ ಮಾಡಬಹುದು. ಎಲ್‌ಜಿಎ ಪಿನ್ನಿಗೆ ಭೂತಗನ್ನಡಿ, ಸಣ್ಣ ಸೂಜಿ, ಬಹಳ ತಾಳ್ಮೆ ಬೇಕು, ಎರಡು ಮೂರು ಸಲ ಬಾಗಿಸಿದರೆ ಮುರಿಯುತ್ತದೆ.

ಬೆರಳ ಗುರುತಿನ ಚಿಂತೆ ಇಲ್ಲಿಗೇ ಮುಗಿಸಬಹುದು. ಚಿನ್ನದ ಚುಕ್ಕೆಗಳ ಮೇಲೆ ಜಿಡ್ಡು ತಾಗಿದ್ದರೆ 90 ಶೇಕಡಾಕ್ಕಿಂತ ಹೆಚ್ಚಿನ ಐಸೊಪ್ರೊಪೈಲ್ ಆಲ್ಕೊಹಾಲನ್ನು ನೂಲು ಬಿಡದ ಬಟ್ಟೆಗೆ ಹಚ್ಚಿ ಒರೆಸಿ, ಆರಲು ಬಿಟ್ಟರೆ ಆಯಿತು. ಆದರೆ ಆ ಬಟ್ಟೆಯನ್ನು ಪಿನ್‌ಗಳಿರುವ ಸಾಕೆಟ್ಟಿಗೆ ತಾಗಿಸಲೇಬೇಡಿ. ಗುರುತು ಒರೆಸಲು ಹೋಗಿ ಪಿನ್ ಎಳೆದುಕೊಂಡರೆ ಇಲ್ಲದ ಹಾನಿಯನ್ನು ತಂದುಕೊಂಡಂತೆ.

ರ್‍ಯಾಮ್ ವಿಷಯದಲ್ಲಿ ಹೆದರಿಕೆಯೇ ಕೆಲಸ ಕೆಡಿಸುತ್ತದೆ. ಮೆಲ್ಲಗೆ ಒತ್ತಿ, ಒಂದು ತುದಿ ಅರ್ಧ ಕೂತಾಗಲೇ ಕರೆಂಟ್ ಕೊಟ್ಟರೆ ಬೋರ್ಡ್ ಏಳುವುದಿಲ್ಲ, ಕೆಲವೊಮ್ಮೆ ಸಂಪರ್ಕಗಳೇ ಸುಡುತ್ತವೆ. ಎರಡೂ ತುದಿಗಳನ್ನು ಕ್ಲಿಪ್ ಕಟ್ ಎನ್ನುವವರೆಗೆ ಒತ್ತಬೇಕು, ಬೋರ್ಡ್ ತುಸು ಬಾಗಿದರೂ ಸರಿಯೇ. ರ್‍ಯಾಮಿನ ಎರಡು ತಲೆಮಾರುಗಳಾದ ಡಿಡಿಆರ್4 ಮತ್ತು ಡಿಡಿಆರ್5 ಎರಡಕ್ಕೂ 288 ಸಂಪರ್ಕಗಳಿದ್ದರೂ ನಡುವಿನ ಕಚ್ಚು ಬೇರೆ ಜಾಗದಲ್ಲಿದೆ. ಕಚ್ಚು ಹೊಂದದಿದ್ದರೆ ಬಲ ಹಾಕಬೇಡಿ. ಎಂ.2 ಎಸ್‌ಎಸ್‌ಡಿಯನ್ನು (ಬೋರ್ಡಿಗೇ ಸೇರಿಸುವ, ಡೇಟಾ ಉಳಿಸುವ ಪಟ್ಟಿಯಂಥ ಭಾಗ) ಓರೆಯಾಗಿ ತೂರಿಸಿ, ಬಗ್ಗಿಸಿ, ಸ್ಕ್ರೂ ಹಾಕುತ್ತೇವಲ್ಲ, ಅದರ ಕೆಳಗಿನ ಪುಟ್ಟ ಕಂಬ ಸರಿಯಾದ ಅಳತೆಯ ಜಾಗದಲ್ಲಿರಬೇಕು. 2280 ಎಂದರೆ 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದ. ಕಂಬವಿಲ್ಲದೆ ಬಿಗಿದರೆ ಎಸ್‌ಎಸ್‌ಡಿಯೇ ಬಿಲ್ಲಿನ ಹಾಗೆ ಬಾಗುತ್ತದೆ. ಕ್ಯಾಬಿನೆಟ್ಟಿನಲ್ಲೂ ಬೋರ್ಡಿನ ತೂತಿಲ್ಲದ ಕಡೆ ಕಂಬ ಉಳಿದುಬಿಟ್ಟರೆ ಅದು ಹಿಂಬದಿಯ ಬೆಸುಗೆಗೆ ತಾಗಿ ಶಾರ್ಟ್ ಆಗುತ್ತದೆ.

ಇಷ್ಟೆಲ್ಲದರ ನಡುವೆ ಯಾರೂ ಹೆದರದ, ಆದರೆ ಕ್ಷಣದಲ್ಲಿ ಡಿಸ್ಕುಗಳನ್ನು ಕೊಲ್ಲುವ ವಸ್ತು ಮಾಡ್ಯುಲರ್ (ಕೇಬಲ್‌ಗಳನ್ನು ಬಿಚ್ಚಿ ಜೋಡಿಸಬಹುದಾದ) ಎಸ್‌ಎಂಪಿಎಸ್ಸಿನ ಕೇಬಲ್. ಡಿಸ್ಕಿನ ಕಡೆಯ ತುದಿ ಎಲ್ಲ ಕಂಪನಿಗಳದ್ದೂ ಒಂದೇ. ಎಸ್‌ಎಂಪಿಎಸ್ ಕಡೆಯ ತುದಿಯಲ್ಲಿ ಯಾವ ತಂತಿ ಎಲ್ಲಿ ಎಂಬುದಕ್ಕೆ ಸಮಾನ ನಿಯಮವಿಲ್ಲ, ಒಂದೇ ಕಂಪನಿಯ ಎರಡು ಮಾದರಿಗಳಲ್ಲೂ ಬೇರೆಯಿರಬಹುದು. ಪ್ಲಗ್ ಮಾತ್ರ ಸಲೀಸಾಗಿ ಕೂರುತ್ತದೆ. ಹಳೆಯ ಕೇಬಲ್ ಕ್ಯಾಬಿನೆಟ್ಟಿನಲ್ಲಿ ನೀಟಾಗಿ ಕಟ್ಟಿದೆ, ಇರಲಿ ಎಂದು ಹೊಸ ಎಸ್‌ಎಂಪಿಎಸ್ಸಿಗೆ ಚುಚ್ಚಿದರೆ 5 ವೋಲ್ಟ್ ಬರಬೇಕಾದ ಕಡೆ 12 ವೋಲ್ಟ್ ಹರಿಯಬಹುದು. ಎಸ್‌ಎಂಪಿಎಸ್ ಬದಲಿಸಿದಾಗ ಕೇಬಲ್‌ಗಳನ್ನೂ ಪೂರ್ತಿ ಬದಲಿಸಿ.

ಭಾಗ ಕೈಜಾರಿ ಬಿದ್ದೇ ಹೋದರೆ? ಗ್ರಾಫಿಕ್ಸ್ ಕಾರ್ಡಿನ ಹಿಂಬದಿ ಮತ್ತು ಅಂಚುಗಳಲ್ಲಿ ಸಾಸಿವೆಗಿಂತ ಚಿಕ್ಕ ಕೆಪಾಸಿಟರ್‌ಗಳಿರುತ್ತವೆ, ಕಿತ್ತುಹೋಗುವುದು ಅವೇ. ಖಾಲಿ ಜಾಗ ಕಂಡ ಮಾತ್ರಕ್ಕೆ ಗಾಬರಿಯಾಗಬೇಡಿ, ತಯಾರಕರೇ ಎಷ್ಟೋ ಜಾಗಗಳನ್ನು ಖಾಲಿ ಬಿಟ್ಟಿರುತ್ತಾರೆ. ಹಾಗೆ ಬಿಟ್ಟ ಜಾಗದ ಬೆಸುಗೆ ನಯವಾಗಿರುತ್ತದೆ. ಕಿತ್ತುಹೋದ ಜಾಗ ಒರಟಾಗಿ, ಹರಿದಂತೆ ಕಾಣುತ್ತದೆ. ಹಾರ್ಡ್ ಡಿಸ್ಕ್ ಬಿದ್ದಿದ್ದರೆ, ಅದು ಓಡಿದರೂ ಪೂರ್ತಿ ಮೇಲ್ಮೈಯನ್ನು ಓದಿಸಿ ಪರೀಕ್ಷಿಸುವವರೆಗೆ ಮುಖ್ಯವಾದದ್ದನ್ನು ಅದರಲ್ಲಿ ಇಡಬೇಡಿ.

ಅನುಮಾನ ಹೋಗಲಾಡಿಸಲು ಕ್ಯಾಬಿನೆಟ್ಟಿನ ಹೊರಗೇ ಒಮ್ಮೆ ಓಡಿಸಿ ನೋಡುವುದು ಒಳ್ಳೆಯದು. ಪ್ರೊಸೆಸರ್, ಕೂಲರ್, ಒಂದೇ ರ್‍ಯಾಮ್, ಬೋರ್ಡಿಗೆ ಕರೆಂಟ್ ಕೊಡುವ 24 ಪಿನ್ ಕೇಬಲ್, ಪ್ರೊಸೆಸರಿನ 8 ಪಿನ್ ಕೇಬಲ್ ಇಷ್ಟಿದ್ದರೆ ಸಾಕು. ಪ್ರೊಸೆಸರಿನಲ್ಲಿ ಗ್ರಾಫಿಕ್ಸ್ ಇಲ್ಲವಾದರೆ ಮಾತ್ರ ಕಾರ್ಡೂ ಬೇಕು, ಮಾನಿಟರ್ ಕೇಬಲ್ ಆ ಕಾರ್ಡಿಗೇ ಹೋಗಬೇಕು. ಡಿಡಿಆರ್5 ಬೋರ್ಡ್ ಮೊದಲ ಸಲ ಮೆಮೊರಿಯನ್ನು ಹೊಂದಿಸಿಕೊಳ್ಳಲು ಹಲವು ನಿಮಿಷ ಕಪ್ಪು ಪರದೆಯಲ್ಲೇ ನಿಲ್ಲಬಹುದು. ಸತ್ತಿದೆ ಎಂದು ಕರೆಂಟ್ ತೆಗೆಯದೆ ಕಾಲು ಗಂಟೆಯಾದರೂ ಕಾಯಿರಿ. ಪರದೆ ಬಂದಮೇಲೆ ಉಳಿದ ರ್‍ಯಾಮನ್ನೂ ಹಾಕಿ, ಬಯೋಸ್‌ನಲ್ಲಿ (ಬೋರ್ಡಿನ ಸ್ವಂತ ಸೆಟ್ಟಿಂಗ್ ಪರದೆ) ಒಟ್ಟು ಮೆಮೊರಿ ಎಷ್ಟು ಎಂದು ನೋಡಿ. ಅರ್ಧವೇ ಕಂಡರೆ ಎರಡು ರ್‍ಯಾಮ್‌ಗಳ ಸ್ಲಾಟ್ ಅದಲುಬದಲು ಮಾಡಿ. ದೋಷ ರ್‍ಯಾಮಿನ ಜೊತೆ ಹೋದರೆ ರ್‍ಯಾಮಿನದ್ದು. ಸ್ಲಾಟಿನಲ್ಲೇ ಉಳಿದರೆ ಕೂಲರ್ ತೆಗೆದು ಸಾಕೆಟ್ಟನ್ನು ಮೊದಲು ತೆಗೆದ ಫೋಟೊ ಜೊತೆ ಹೋಲಿಸಿ ನೋಡಬೇಕು.