ಥಾರ್ ಮರುಭೂಮಿಯ ಮಾದರಿ: ಆರನೆಯ ವಾರದವರೆಗಿನ ಕೆಲಸ

ಮೊದಲ ವಾರ

ನಮ್ಮೂರ ಶಾಲೆಯ ಗ್ರಂಥಾಲಯದಲ್ಲಿ ಇಡುವುದಕ್ಕಾಗಿ ಥಾರ್ ಮರುಭೂಮಿಯ ಆಹಾರ ಸರಪಳಿಯನ್ನು ತೋರಿಸುವ ಮಾದರಿಯೊಂದನ್ನು ಕಟ್ಟಲು ತೊಡಗಿದ್ದೇನೆ. ಕಳೆದ ಅಕ್ಟೋಬರಿನಲ್ಲಿ ಜೈಸಲ್ಮೇರಿನ ಬಳಿಯ ಮರುಭೂಮಿ ರಾಷ್ಟ್ರೀಯ ಉದ್ಯಾನದಲ್ಲಿ ನಾಲ್ಕು ದಿನ ಓಡಾಡಿ ಬರೆದುಕೊಂಡ ಟಿಪ್ಪಣಿಗಳು ಈ ಕೆಲಸಕ್ಕೆ ಆಧಾರ. ನಾಲ್ಕು ಅಡಿ ಉದ್ದ, ಮೂರು ಅಡಿ ಅಗಲದ ಪ್ಲೈವುಡ್ ಹಲಗೆ ಸಿದ್ಧವಾಗಿದೆ. ಅಳತೆಯನ್ನು ಹತ್ತಕ್ಕೆ ಒಂದು ಎಂದು ಇಟ್ಟುಕೊಂಡಿದ್ದೇನೆ: ಒಂದು ಮೀಟರ್ ಎತ್ತರದ ಹಕ್ಕಿ ಇಲ್ಲಿ ಹತ್ತು ಸೆಂಟಿಮೀಟರ್.

ಎರಡನೆಯ ವಾರ

ಸೇವಣ್ ಹುಲ್ಲಿನ ಬುಡಗಳನ್ನು ತೆಂಗಿನ ನಾರಿನಿಂದ ಕಟ್ಟಿದೆ. ವರ್ಷಕ್ಕೆ ಸುಮಾರು 200 ಮಿಲಿಮೀಟರ್ ಮಳೆ ಮಾತ್ರ ಬೀಳುವ ಜೈಸಲ್ಮೇರಿನ ಮರಳಿನಲ್ಲಿ ಈ ಹುಲ್ಲು ವರ್ಷಗಟ್ಟಲೆ ಬದುಕುತ್ತದೆ. ಮೇಲ್ಭಾಗ ಪೂರ್ತಿ ಒಣಗಿ ನಿಂತರೂ ಬುಡದಲ್ಲಿ ಜೀವವಿರುತ್ತದೆ, ಒಂದು ಹದ ಮಳೆ ಬಿದ್ದರೆ ಕೆಲವೇ ದಿನಗಳಲ್ಲಿ ಹಸಿರೊಡೆಯುತ್ತದೆ. ಕೈರ್ ಪೊದೆಗೆ ಹಸಿರು ಬಣ್ಣದ ತೆಳುತಂತಿ ಸಾಕಾಯಿತು, ಏಕೆಂದರೆ ಅದರಲ್ಲಿ ಎಲೆ ಇಲ್ಲವೆನ್ನುವಷ್ಟು ಕಡಿಮೆ ಮತ್ತು ಆಹಾರ ತಯಾರಿಕೆಯನ್ನು ಹಸಿರು ಕಾಂಡವೇ ನಡೆಸುತ್ತದೆ. ಎಕ್ಕದ ಗಿಡವನ್ನು ನಮ್ಮ ಹಿತ್ತಿಲಿನಲ್ಲೇ ನೋಡಿ ಮಾಡಿದೆ. ಬಿಳಿ ಹಾಲು, ಎಲೆಯ ಮೇಲಿನ ಮೇಣದಂಥ ಪುಡಿ, ಎರಡೂ ಅಲ್ಲಿಯಂತೆಯೇ ಇಲ್ಲಿಯೂ ಇವೆ.

ಇಲಿ, ಹಲ್ಲಿ, ನರಿ, ಚಿಂಕಾರ, ಹದ್ದು, ಎಲ್ಲವನ್ನೂ ಜೇಡಿಮಣ್ಣಿನಲ್ಲಿ ಮಾಡಿ ಮರಳಿನ ಮೇಲೆ ಸಾಲಾಗಿ ಜೋಡಿಸಿದೆ.

ಮೂರನೆಯ ವಾರ

ಜೋಡಣೆಯನ್ನು ಪೂರ್ತಿ ಕಿತ್ತು ಹಾಕಿದ್ದೇನೆ. ಬಣ್ಣ ಹಚ್ಚುವ ಮೊದಲು ಟಿಪ್ಪಣಿ ಪುಸ್ತಕವನ್ನು ಮತ್ತೊಮ್ಮೆ ತೆರೆದಾಗ, ಎರಡನೆಯ ದಿನದ ಪುಟದಲ್ಲಿ ನನ್ನದೇ ಅಕ್ಷರದಲ್ಲಿ ಹೀಗೆ ಬರೆದಿತ್ತು: ‘ಮಧ್ಯಾಹ್ನ ಹನ್ನೆರಡರಿಂದ ಎರಡರವರೆಗೆ ಕಂಡದ್ದು ಮೂರು ಹಕ್ಕಿ. ಕುಳಿತಲ್ಲಿಂದಲೇ ಎಣಿಸಿದ ಬಿಲದ ಬಾಯಿಗಳು ನಲವತ್ತೊಂದು.’ ನಾನು ಕಂಡ ಮರುಭೂಮಿ ಅದು. ನಾನು ಕಟ್ಟುತ್ತಿದ್ದದ್ದು ಪ್ರಾಣಿಗಳೆಲ್ಲ ಸುಡುಬಿಸಿಲಿನಲ್ಲಿ ಮೆರವಣಿಗೆ ಹೊರಟಂಥ ಬೇರೊಂದು ಜಾಗ. 2016ರ ಮೇ 19ರಂದು ಥಾರ್‌ನ ಫಲೋದಿಯಲ್ಲಿ 51 ಡಿಗ್ರಿ ಸೆಲ್ಸಿಯಸ್ ತಾಪ ದಾಖಲಾಗಿತ್ತು. ಅದು ನೆರಳಿನಲ್ಲಿ ಅಳೆದ ಗಾಳಿಯ ತಾಪ, ಬಿಸಿಲಿಗೆ ಬಿದ್ದ ಮರಳು ಅದಕ್ಕಿಂತ ಬಹಳ ಹೆಚ್ಚು ಕಾಯುತ್ತದೆ. ಅಂಥ ನೆಲದಲ್ಲಿ ಬದುಕಿನ ದೊಡ್ಡ ಭಾಗ ನೆಲದೊಳಗೇ ನಡೆಯುತ್ತದೆ ಎಂಬುದನ್ನು ತೋರಿಸದ ಮಾದರಿ ಮಕ್ಕಳಿಗೆ ತಪ್ಪನ್ನೇ ಕಲಿಸುತ್ತದೆ.

ಆದ್ದರಿಂದ ಹಲಗೆಯ ಮುಂಭಾಗದಲ್ಲಿ ಒಂದು ಅಡಿ ಆಳದ ಪೆಟ್ಟಿಗೆಯನ್ನು ಕೂಡಿಸಿ, ಎದುರಿಗೆ ಅಕ್ರಿಲಿಕ್ ಹಾಳೆ ಹಾಕಿ, ಮಣ್ಣಿನ ಸೀಳುನೋಟ ಕಾಣುವಂತೆ ಮಾಡುತ್ತಿದ್ದೇನೆ.

ನಾಲ್ಕನೆಯ ವಾರ

ಈ ವಾರದ ಕೆಲಸವೆಲ್ಲ ಸಾಂಡಾ ಎಂಬ ಮುಳ್ಳುಬಾಲದ ಹಲ್ಲಿಯ ಬಿಲದ್ದು. ಮರುಭೂಮಿಯ ಸರಪಳಿಯಲ್ಲಿ ಇದಕ್ಕಿರುವ ಸ್ಥಾನ ನನಗೆ ಬಹಳ ಮುಖ್ಯವೆನಿಸುತ್ತದೆ. ಮರಿಯಾಗಿದ್ದಾಗ ಹುಳುಹುಪ್ಪಟೆ ತಿನ್ನುವ ಇದು ಬೆಳೆದ ಮೇಲೆ ಹೆಚ್ಚಾಗಿ ಸೊಪ್ಪು, ಹೂವು, ಬೀಜಗಳನ್ನೇ ತಿನ್ನುತ್ತದೆ. ಹಲ್ಲಿಗಳ ಕುಲದಲ್ಲಿ ಇಂಥ ಸಸ್ಯಾಹಾರಿಗಳು ಅಪರೂಪ. ಹುಲ್ಲು ಸಿಕ್ಕ ದಿನಗಳಲ್ಲಿ ಬಾಲದ ಬುಡದಲ್ಲಿ ಕೊಬ್ಬು ಕೂಡಿಟ್ಟುಕೊಂಡು, ಚಳಿಗಾಲದಲ್ಲಿ ಬಿಲದ ಬಾಯಿಯನ್ನು ಒಳಗಿನಿಂದ ಮಣ್ಣಿನಿಂದ ಮುಚ್ಚಿ ತಿಂಗಳುಗಟ್ಟಲೆ ಮಲಗುತ್ತದೆ. ಬೆಳಿಗ್ಗೆ ಹೊರಬಂದಾಗ ಮೈಬಣ್ಣ ಕಪ್ಪಾಗಿದ್ದು ಬೇಗ ಬಿಸಿಲು ಹೀರುತ್ತದೆ, ಮೈ ಕಾದಂತೆ ಬಣ್ಣ ತಿಳಿಯಾಗುತ್ತದೆ. ಅದಕ್ಕಾಗಿ ಎರಡು ಸಾಂಡಾಗಳನ್ನು ಮಾಡಿದ್ದೇನೆ: ಬಿಲದ ಬಾಯಿಯಲ್ಲಿರುವುದು ಕಡು ಬೂದಿ ಬಣ್ಣದ್ದು, ಹುಲ್ಲಿನ ಬಳಿ ಇರುವುದು ಒಣಮಣ್ಣಿನ ಬಣ್ಣದ್ದು. ಸುಮಾರು ಎರಡು ಸೆಂಟಿಮೀಟರಿನ ಬಾಲಕ್ಕೆ ಮುಳ್ಳಿನ ಉಂಗುರಗಳನ್ನು ಸೂಜಿಯ ಮೊನೆಯಿಂದ ಒತ್ತುವುದಕ್ಕೇ ಒಂದು ಸಂಜೆ ಹಿಡಿಯಿತು.

ಪಕ್ಕದಲ್ಲಿ ಮರಳುಗಾಡಿನ ಇಲಿಗಳ ಕವಲೊಡೆದ ಬಿಲಗಳಿವೆ. ಹೊರಗೆ, ಅಂಗಾಲಿನಲ್ಲೂ ರೋಮವಿರುವ ಮರುಭೂಮಿ ನರಿ ಕಾದು ನಿಂತಿದೆ. ಉರಿಮಂಡಲ ಹಾವು ಪೊದೆಯ ಬುಡದಲ್ಲಿದೆ.

ಐದನೆಯ ವಾರ

ಬನ್ನಿ ಮರದ ವಾರ. ರಾಜಸ್ಥಾನದವರು ಖೇಜ್ಡಿ ಎನ್ನುವ ಮರ, ವಿಜಯದಶಮಿಯಂದು ನಾವು ಪೂಜಿಸಿ ಎಲೆ ಹಂಚಿಕೊಳ್ಳುವ ಬನ್ನಿಯೇ ಹೌದು. 1730ರಲ್ಲಿ ಜೋಧ್‌ಪುರದ ಬಳಿಯ ಖೇಜಡ್ಲಿಯಲ್ಲಿ ಅಮೃತಾ ದೇವಿಯವರೂ ಸೇರಿ ಬಿಷ್ಣೋಯಿ ಸಮುದಾಯದ 363 ಜನ, ಕಡಿಯಲು ಬಂದವರನ್ನು ತಡೆದು ಪ್ರಾಣ ಕೊಟ್ಟದ್ದು ಇದೇ ಮರಕ್ಕಾಗಿ. ಬೇಸಿಗೆ ಏರುತ್ತಿರುವಾಗ, ಸುತ್ತಲಿನ ಹುಲ್ಲೆಲ್ಲ ಒಣಗಿ ನಿಂತಿರುವಾಗ, ಇದು ಚಿಗುರಿ ಹೂಬಿಡುತ್ತದೆ, ಏಕೆಂದರೆ ಇದರ ನೀರು ಮೋಡದಿಂದಲ್ಲ, ಆಳದಿಂದ ಬರುತ್ತದೆ. ತಾಯಿಬೇರು 20 ಮೀಟರಿಗೂ ಕೆಳಗಿಳಿಯಬಲ್ಲದು.

ನನ್ನ ಅಳತೆಯಲ್ಲಿ ಅದು ಎರಡು ಮೀಟರ್. ಪೆಟ್ಟಿಗೆಯ ಆಳ ಒಂದು ಅಡಿ. ಅಳತೆಯನ್ನು ಸುಳ್ಳಾಗಿಸಲು ಮನಸ್ಸು ಒಪ್ಪಲಿಲ್ಲ. ಪೆಟ್ಟಿಗೆಯ ತಳಕ್ಕೂ ಮೇಜಿಗೂ ತೂತು ಕೊರೆದು, ಸೆಣಬಿನ ಹುರಿಯನ್ನು ಬೇರಾಗಿ ಕೆಳಕ್ಕೆ ಇಳಿಬಿಟ್ಟೆ. ಅದು ಮೇಜನ್ನು ದಾಟಿ ನೆಲ ಮುಟ್ಟಿ, ಅಲ್ಲಿ ಮೂರು ಸುತ್ತು ಸುತ್ತಿಕೊಂಡಿದೆ. ಮೇಲಿನ ಮರ ಅರ್ಧ ಮೀಟರ್ ಮಾತ್ರ.

ಆರನೆಯ ವಾರ

ಶಕ್ತಿಯ ಲೆಕ್ಕವನ್ನು ತೋರಿಸಲು ನಾಲ್ಕು ಗಾಜಿನ ಸೀಸೆಗಳಲ್ಲಿ ರಾಗಿ ಎಣಿಸಿ ತುಂಬಿದೆ: ಹುಲ್ಲಿಗೆ 1,000 ಕಾಳು, ಹುಲ್ಲು ತಿನ್ನುವವಕ್ಕೆ 100, ಅವನ್ನು ತಿನ್ನುವ ಹಾವಿಗೆ 10, ಹಾವನ್ನು ಹಿಡಿಯುವ ಹದ್ದಿಗೆ 1. ಒಂದು ಹಂತದಿಂದ ಮುಂದಿನದಕ್ಕೆ ಸುಮಾರು ಹತ್ತರಲ್ಲೊಂದು ಪಾಲು ದಾಟುತ್ತದೆ ಎಂಬ ಈ ಲೆಕ್ಕ 1942ರಲ್ಲಿ ಅಮೆರಿಕದ ಪರಿಸರ ವಿಜ್ಞಾನಿ ರೇಮಂಡ್ ಲಿಂಡೆಮನ್ ಪ್ರಕಟಿಸಿದ ವಿಚಾರದಿಂದ ಬೆಳೆದದ್ದು. ಇದು ಸ್ಥೂಲ ಲೆಕ್ಕ ಎಂಬುದನ್ನು ಚೀಟಿಯಲ್ಲಿ ಸೇರಿಸಿದ್ದೇನೆ. ಇಲಿಯಂಥ ಬಿಸಿರಕ್ತದ ಪ್ರಾಣಿ ತಿಂದದ್ದರ ಬಹುಪಾಲನ್ನು ಮೈ ಬೆಚ್ಚಗಿಡುವುದಕ್ಕೇ ಉರಿಸುತ್ತದೆ. ಸಾಂಡಾ ಆ ಕೆಲಸವನ್ನು ಸೂರ್ಯನಿಗೆ ಬಿಟ್ಟು, ತಿಂದದ್ದರಲ್ಲಿ ಹೆಚ್ಚು ಪಾಲನ್ನು ಮಾಂಸವಾಗಿಸುತ್ತದೆ. ಮೇವು ವಿರಳವಾದ ಕಡೆ ಹಲ್ಲಿ, ಹಾವುಗಳು ಇಷ್ಟು ಚೆನ್ನಾಗಿ ನೆಲೆಸಿರುವುದಕ್ಕೆ ಇದೂ ಒಂದು ಕಾರಣ.

ಹುಲ್ಲಿನ ನಡುವೆ ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಯನ್ನು ನಿಲ್ಲಿಸಿದ್ದೇನೆ. ಮಿಡತೆ, ಹಲ್ಲಿ, ಕಾಳು, ಎಲಚಿ ಜಾತಿಯ ಪೊದೆಯ ಹಣ್ಣು, ಎಲ್ಲವನ್ನೂ ತಿನ್ನುವ ಈ ಹಕ್ಕಿಗೆ, ಯಾವುದು ಯಾವುದನ್ನು ತಿನ್ನುತ್ತದೆ ಎಂದು ತೋರಿಸುವ ದಾರ ಕಟ್ಟಲು ಹೋದರೆ ಸರಪಳಿ ಎಂಬ ಮಾತೇ ನಿಲ್ಲುವುದಿಲ್ಲ. ಅದೊಂದರಿಂದಲೇ ಐದು ದಾರಗಳು ಹೊರಟು ಬಲೆಯಾಗಿವೆ. ನಮ್ಮ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆಯೂ ಇದು ಕಾಣಸಿಕ್ಕಿದೆ. ಸಾಮಾನ್ಯವಾಗಿ ಒಂದು ಬಾರಿಗೆ ಒಂದೇ ಮೊಟ್ಟೆ, ಅದೂ ಬರಿನೆಲದ ಮೇಲೆ. ಎಂಟು ಮಿಲಿಮೀಟರಿನ ಆ ಮೊಟ್ಟೆಯನ್ನು ಮಾಡಿ ಹುಲ್ಲಿನ ಬುಡದಲ್ಲಿ ಇಡುವಾಗ ಕೈ ನಡುಗಿತು.

ಇನ್ನು ಗೆದ್ದಲು ಬಾಕಿ. ಉದ್ಯಾನದಲ್ಲಿ ಒಣಗಿದ ಸಗಣಿಯ ತುಂಡೊಂದನ್ನು ಮಗುಚಿ ನೋಡಿದಾಗ, ಒಳಗೆಲ್ಲ ಟೊಳ್ಳಾಗಿ, ತೆಳುಮಣ್ಣಿನ ಹಾಳೆಯಂಥ ಗೋಡೆಗಳು ಮಾತ್ರ ಉಳಿದಿದ್ದವು. ಕೊಳೆಯಿಸಲು ತೇವವಿಲ್ಲದ ನೆಲದಲ್ಲಿ ಸಗಣಿ, ಸತ್ತ ಹುಲ್ಲು, ಕಟ್ಟಿಗೆಯನ್ನು ಮರಳಿ ಮಣ್ಣಿಗೆ ಸೇರಿಸುವ ಕೆಲಸದಲ್ಲಿ ಗೆದ್ದಲಿನದೇ ದೊಡ್ಡ ಪಾಲು. ಅದನ್ನು ತೋರಿಸಲು ಟಿಶ್ಯೂ ಕಾಗದವನ್ನು ಅಂಟು ಬೆರೆಸಿದ ಕೆಮ್ಮಣ್ಣಿನಲ್ಲಿ ಅದ್ದಿ ಒಣಗಿಸಿದ್ದೇನೆ. ಮೊದಲ ಎರಡು ಹಾಳೆ ಬಿರುಕುಬಿಟ್ಟವು. ಅಂಟಿನ ಪ್ರಮಾಣ ಹೆಚ್ಚಿಸಿದ ಮೂರನೆಯದು ಕಿಟಕಿಯ ಬಳಿ ಒಣಗುತ್ತಿದೆ. ಅದು ನಿಂತರೆ ಮುಂದಿನ ಭಾನುವಾರ ಪೆಟ್ಟಿಗೆಯೊಳಗೆ ಕೂರಿಸುತ್ತೇನೆ.