ನಲವತ್ತೆರಡರಲ್ಲಿ ಸರಳೆ ವರಸೆ

ಏಳನೇ ಕ್ಲಾಸಿನಲ್ಲಿ ವಾರ್ಷಿಕೋತ್ಸವಕ್ಕೆ ನಾಡಗೀತೆ ಹಾಡುವ ಗುಂಪಿನಲ್ಲಿ ನನ್ನನ್ನೂ ನಿಲ್ಲಿಸಿದ್ದರು. ಎರಡನೇ ದಿನ ಮಿಸ್ ಹತ್ತಿರ ಬಂದು, "ನೀನು ಸುಮ್ನೆ ಬಾಯಿ ಅಲ್ಲಾಡಿಸು ಮರಿ, ಸಾಕು" ಅಂದರು. ಬೈದು ಹೇಳಿದ್ದಲ್ಲ, ಪ್ರೀತಿಯಿಂದಲೇ ಹೇಳಿದ್ದು. ಆಮೇಲೆ 30 ವರ್ಷ ನಾನು ಬಾಯಿ ಅಲ್ಲಾಡಿಸಿಕೊಂಡೇ ಇದ್ದೆ, ಮಂಗಳಾರತಿ ಹೊತ್ತಿನಲ್ಲಿ, ಮದುವೆ ಮನೆಯಲ್ಲಿ, ಕಡೆಗೆ ಮಗಳ ಹುಟ್ಟುಹಬ್ಬದಲ್ಲೂ. ಯಾರಾದರೂ ಒತ್ತಾಯ ಮಾಡಿದರೆ "ನನಗೆ ಹಾಡೋಕೆ ಬರಲ್ಲ" ಅಂದರೆ ಮುಗಿಯಿತು.

ಈ 'ಬರಲ್ಲ' ಅನ್ನೋದು ಭಾರಿ ಮೋಸದ ಮಾತು. ಈಗ ಬರಲ್ಲ ಅನ್ನೋಕೂ ಅದೇ, ಯಾವತ್ತೂ ಬರಲ್ಲ ಅನ್ನೋಕೂ ಅದೇ. ನಾವು ಹೇಳೋದು ಮೊದಲನೆಯದು, ನಂಬೋದು ಎರಡನೆಯದು.

ಹೋದ ವರ್ಷ ಮಗಳನ್ನು ಕರ್ನಾಟಕ ಸಂಗೀತದ ಕ್ಲಾಸಿಗೆ ಬಿಡೋಕೆ ಹೋದವನು ನಾನೂ ಸೇರಿಕೊಂಡೆ. ಅಮ್ಮ "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇನೋ?" ಅಂತ ನಕ್ಕರು. ಟೀಚರ್ ಮಾತ್ರ "ಹಾಡ್ತಾ ಹಾಡ್ತಾ ರಾಗ, ಬನ್ನಿ ಕೂತ್ಕೊಳ್ಳಿ" ಅಂದರು. ಎರಡೂ ನಮ್ಮದೇ ಗಾದೆ ಅಲ್ವಾ?

ಎರಡನೇ ಕ್ಲಾಸಿನ ಮಕ್ಕಳ ಪಕ್ಕ ಚಾಪೆಯ ಮೇಲೆ ಕೂತು ಆದಿತಾಳ ಹಾಕೋಕೆ ಶುರು ಮಾಡಿದೆ. ಒಂದು ಪೆಟ್ಟು, ಮೂರು ಬೆರಳೆಣಿಕೆ, ಆಮೇಲೆ ಎರಡು ಸಲ ಪೆಟ್ಟು-ಹುಸಿ (ಹುಸಿ ಅಂದರೆ ಅಂಗೈ ಮೇಲೆ ಮಾಡೋದು), ಒಟ್ಟು 8 ಎಣಿಕೆ. ಮಕ್ಕಳಿಗೆ ವಾರದಲ್ಲಿ ಬಂತು, ನನಗೆ ತಿಂಗಳು ಹಿಡಿಯಿತು. ಈ ಪಾಠಗಳ ಕ್ರಮ ಹಾಕಿಕೊಟ್ಟವರು ಪುರಂದರದಾಸರು (1484–1564) ಅನ್ನುತ್ತಾರೆ. ಮಾಯಾಮಾಳವಗೌಳ ರಾಗದಲ್ಲಿ ಮೊದಲು ಸರಳೆ ವರಸೆ, ಅಂದರೆ ಸ್ವರಗಳನ್ನು ಸಾಲಾಗಿ ಹಾಡುವ ಅಭ್ಯಾಸ, ಆಮೇಲೆ ಒಂದೊಂದು ಸ್ವರ ಎರಡೆರಡು ಸಲ ಬರುವ ಜಂಟಿ, ಆಮೇಲೆ ಬೇರೆ ಬೇರೆ ತಾಳದ ಅಲಂಕಾರ, ಅದಾದ ಮೇಲೆ ಗೀತೆ. ಒಂದೇ ವರಸೆಯನ್ನು ಮೂರು ಕಾಲದಲ್ಲಿ, ಅಂದರೆ ಮೂರು ವೇಗದಲ್ಲಿ, ಎಣಿಕೆಗೆ ಒಂದು ಸ್ವರ, ಎರಡು, ನಾಲ್ಕು. ನನಗೆ ಇಷ್ಟವಾಗಿದ್ದು ಏನೆಂದರೆ, ಇಲ್ಲಿ ಯಾರೂ 'ನಿನಗೆ ಕಂಠ ಇದೆಯಾ' ಅಂತ ಕೇಳಿ ಶುರು ಮಾಡೋದಿಲ್ಲ. ಎಲ್ಲರಿಗೂ ಅದೇ ಮೊದಲನೇ ಮೆಟ್ಟಿಲು.

ಹಾಗಂತ ಉತ್ಸಾಹ ಇದ್ದರೆ ಸಾಕು ಅಂದುಕೊಂಡಿದ್ದು ನನ್ನ ದಡ್ಡತನ. ಎರಡು ತಿಂಗಳು ದಿನಾ ಬೆಳಿಗ್ಗೆ 40 ನಿಮಿಷ ಎಲ್ಲಾ ವರಸೆಗಳನ್ನೂ ಮೊದಲಿನಿಂದ ಕೊನೆಯವರೆಗೆ ಹಾಡಿದೆ. ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿದರೆ ಅದೇ ಅಪಸ್ವರ, ಇನ್ನೂ ಗಟ್ಟಿಯಾಗಿ. ಈ ರಾಗದ 'ದ' ಪಂಚಮಕ್ಕೆ, ಅಂದರೆ 'ಪ'ಗೆ, ಅಂಟಿಕೊಂಡ ಹಾಗೆ ಇರಬೇಕು, ಅದಕ್ಕೆ ಶುದ್ಧ ಧೈವತ ಅಂತಾರೆ. ನನ್ನದು ಅರ್ಧ ಮೆಟ್ಟಿಲು ಮೇಲೆ ಹೋಗಿ ಕೂರುತ್ತಿತ್ತು. ಟೀಚರ್ ಪೂರ್ತಿ ಕೇಳಿ, "ಹದಿನೈದು ದಿನ ಏನೂ ಹಾಡಬೇಡಿ. ಶ್ರುತಿ ಹಾಕ್ಕೊಂಡು ಪ-ದ-ಪ ಅಷ್ಟೇ, ನಿಧಾನವಾಗಿ, 10 ನಿಮಿಷ" ಅಂದರು. ಅವಮಾನ ಆದ ಹಾಗಾಯಿತು, ನಿಜ ಹೇಳಬೇಕೆಂದರೆ. ಆದರೆ 40 ನಿಮಿಷದಲ್ಲಿ ಆಗದ್ದು ಆ 10 ನಿಮಿಷದಲ್ಲಿ ಆಗೋಕೆ ಶುರುವಾಯಿತು.

ಅದೇ ಹೊತ್ತಿಗೆ ಕ್ಯಾರಲ್ ಡ್ವೆಕ್ ಅವರ ಕೆಲಸದ ಬಗ್ಗೆ ಓದಿದೆ. ಅಮೆರಿಕದ ಮನಶ್ಶಾಸ್ತ್ರಜ್ಞೆ. 'ಗ್ರೋತ್ ಮೈಂಡ್‌ಸೆಟ್', ಅಂದರೆ ಸಾಮರ್ಥ್ಯ ಹುಟ್ಟಿನಿಂದ ಬಂದಷ್ಟೇ ಅಲ್ಲ, ಬೆಳೆಸಿಕೊಳ್ಳಬಹುದು ಅನ್ನೋ ನಂಬಿಕೆ, ಆ ಮಾತು ಅವರಿಂದಲೇ ಬಂದದ್ದು. 1998ರಲ್ಲಿ ಕ್ಲಾಡಿಯಾ ಮ್ಯೂಲರ್ ಜೊತೆ ಸೇರಿ ಅವರು ಪ್ರಕಟಿಸಿದ ಪ್ರಯೋಗದಲ್ಲಿ ಐದನೇ ಕ್ಲಾಸಿನ ಮಕ್ಕಳಲ್ಲಿ ಕೆಲವರಿಗೆ 'ನೀನು ಜಾಣ' ಅಂದರು, ಕೆಲವರಿಗೆ 'ಚೆನ್ನಾಗಿ ಕಷ್ಟಪಟ್ಟೆ' ಅಂದರು. ಆಮೇಲೆ ಕಷ್ಟದ ಒಗಟು ಕೊಟ್ಟು ಸೋಲಿಸಿದಾಗ ಜಾಣ ಅನ್ನಿಸಿಕೊಂಡವರೇ ಜಾಸ್ತಿ ಕುಗ್ಗಿದರು. ಇದನ್ನು ಹಿಡಿದುಕೊಂಡು ಎಲ್ಲ ಕಡೆ ಪೋಸ್ಟರ್ ಅಂಟಿಸುವವರ ಬಗ್ಗೆ ನನಗೆ ಅಷ್ಟು ನಂಬಿಕೆ ಇಲ್ಲ. 2019ರಲ್ಲಿ ಪ್ರಕಟವಾದ, ಸುಮಾರು 12,000 ಮಕ್ಕಳ ಮೇಲೆ ಮಾಡಿದ ಅಧ್ಯಯನದಲ್ಲಿ ಬುದ್ಧಿ ಬೆಳೆಯುತ್ತೆ ಅಂತ ಹೇಳಿಕೊಡುವ, ಒಂದು ಗಂಟೆಯೂ ಹಿಡಿಯದ ಪಾಠದಿಂದ ಹಿಂದುಳಿದ ಮಕ್ಕಳ ಗ್ರೇಡ್ ಏರಿದ್ದು 0.1 ಪಾಯಿಂಟ್. ಸುಳ್ಳಲ್ಲ, ಪವಾಡವೂ ಅಲ್ಲ. ನನ್ನ ವಿಷಯದಲ್ಲೂ ಮನಸ್ಸು ಬದಲಾದದ್ದು ಕ್ಲಾಸಿನ ಬಾಗಿಲವರೆಗೆ ಕರೆದುಕೊಂಡು ಹೋಯಿತು, ಅಷ್ಟೇ. ಒಳಗೆ ಕೆಲಸ ಮಾಡಿದ್ದು ಆ ಪ-ದ-ಪ, ಮತ್ತೆ ಎಲ್ಲಿ ತಪ್ಪಿದೆ ಅಂತ ಬೆರಳಿಟ್ಟು ತೋರಿಸಿದ ಒಬ್ಬರು.

ಈಗ ಮಲಹರಿ ರಾಗದ ಗೀತೆಗೆ ಬಂದಿದ್ದೇನೆ. ಆರೋಹಣದಲ್ಲಿ ಗ, ನಿ ಇಲ್ಲ, ಹಾಗಾಗಿ ಪ ಆದ ಕೂಡಲೇ ದ, ದ ಆದ ಕೂಡಲೇ ಮೇಲಿನ ಸ. ತಪ್ಪಿಸಿಕೊಳ್ಳೋಕೆ ಜಾಗವೇ ಇಲ್ಲ. ಮೊನ್ನೆ ಶನಿವಾರ ಒಂದು ಸಲ ಪೂರ್ತಿ ಹಾಡಿ ಮುಗಿಸಿ ಖುಷಿಯಲ್ಲಿ ಸುತ್ತ ನೋಡಿದೆ. ಪಕ್ಕದಲ್ಲಿದ್ದ ಪುಟ್ಟ ಹುಡುಗಿ ತಾಳ ನಿಲ್ಲಿಸದೇ ಅಂದಳು, "ಅಂಕಲ್, ನಿಮ್ಮ ದ ಇನ್ನೂ ಸ್ವಲ್ಪ ಮೇಲೇ ಇದೆ."